ಮೊರ ಜಾರಲಿಲ್ಲ

ತೊಚಿಕುರಾ
ಫೆಬ್ರುವರಿ ೧೭, ಮಧ್ಯಾಹ್ನ

ಸಾಯೊಳ ಅಪ್ಪನಿಗೆ, ಮನೆಯಿಂದ ಕಿನುಯೊ ಮಾಡುವ ನಮಸ್ಕಾರ.

ಸೊಂಟ ಹೇಗಿದೆ? ಮೊನ್ನೆ ಫೋನಿನಲ್ಲಿ ಕೇಳಿದ್ದಕ್ಕೆ "ಹ್ಞೂಂ, ಇದೆ" ಎಂದಿರಿ. ಇದೆ ಎಂದು ನನಗೂ ಗೊತ್ತು, ಹೇಗಿದೆ ಎಂದು ಕೇಳಿದ್ದು. ನರ್ಸು ಊರುಗೋಲು ಕೊಟ್ಟು ಕಾರಿಡಾರಿನಲ್ಲಿ ನಡೆಸುತ್ತಿದ್ದಾಳಂತೆ, ನೀವು ಅವಳು ಹೇಳಿದ್ದಕ್ಕಿಂತ ಎರಡು ಸುತ್ತು ಹೆಚ್ಚಿಗೆ ಹಾಕಿ ಬೈಸಿಕೊಂಡಿರಂತೆ. ದಯವಿಟ್ಟು ಅವಳು ಹೇಳಿದಷ್ಟೇ ನಡೆಯಿರಿ. ಅದು ಆಸ್ಪತ್ರೆಯ ಕಾರಿಡಾರು, ಅದರ ತುದಿಯಲ್ಲಿ ಶಿಖರವೇನೂ ಇಲ್ಲ. ಇಲ್ಲಿ ಊರಿನವರಿಗೆಲ್ಲ ನಿಮ್ಮದೇ ಮಾತು. ಆಯುಷ್ಯವೆಲ್ಲ ಬೆಟ್ಟ ಹತ್ತಿಸಿದ ಮನುಷ್ಯ ಸ್ವಂತ ಉಗ್ರಾಣದ ಮಾಡಿನಿಂದ, ಹಿಮ ಎತ್ತಿಹಾಕಲು ಹೋಗಿ ಬಿದ್ದದ್ದು ಎಲ್ಲರಿಗೂ ಬಲು ರುಚಿಯಾದ ಸುದ್ದಿ. ನಿಮ್ಮ ಚಿಕ್ಕಪ್ಪ ತೊಕುಜೊ ಅಜ್ಜನಂತೂ ದಿನಕ್ಕೊಮ್ಮೆ ಬಂದು, "ಬೆಟ್ಟ ಬಿಟ್ರೂ ಮಾಡು ಬಿಡ್ಲಿಲ್ಲವಲ್ಲೋ" ಎಂದು ಬೊಚ್ಚುಬಾಯಲ್ಲಿ ನಕ್ಕು, ಕಣ್ಣೊರೆಸಿಕೊಂಡು ಹೋಗುತ್ತಾನೆ. ನಗುವೂ ನಿಜ, ಕಣ್ಣೀರೂ ನಿಜ. ಎಂಬತ್ತು ದಾಟಿದ ಜೀವ, ನೀವಿಲ್ಲದೆ ಅವನಿಗೆ ಬೇಸರ.

ಪತ್ರದ ಜೊತೆ ಮೂಲಂಗಿ ಉಪ್ಪಿನಕಾಯಿ ಕಳಿಸಿದ್ದೇನೆ. ಆಸ್ಪತ್ರೆಯ ಊಟ ಸಪ್ಪೆ ಎಂದು ಗೊಣಗುತ್ತಿದ್ದಿರಲ್ಲ. ಪಕ್ಕದ ಹಾಸಿಗೆಯವರಿಗೂ ಎರಡು ಚೂರು ಕೊಡಿ, ಇಲ್ಲದಿದ್ದರೆ ವಾಸನೆ ಹಿಡಿದು ಅವರೇ ನರ್ಸಿಗೆ ಹೇಳಿಬಿಡುತ್ತಾರೆ. ಇವನ್ನು ತಂದುಕೊಡುವವರು ಕೊಗುರೆಯವರ ಹೆಂಡತಿ, ಅದೇ ನಮ್ಮಲ್ಲಿ ತಂಗಿರುವ ತಾಕಾಸಾಕಿಯ ಹಲ್ಲಿನ ಡಾಕ್ಟರು ಕೊಗುರೆಯವರ ಹೆಂಡತಿ. ಎರಡು ಗಂಟೆಯ ಬಸ್ಸಿಗೆ ನಾಗಾವೊಕಾದ ಮಗಳ ಮನೆಗೆ ಹೊರಟಿದ್ದಾರೆ. ದಾರಿಯಲ್ಲೇ ಆಸ್ಪತ್ರೆ, ಸಂಜೆಯೊಳಗೆ ನಿಮ್ಮ ಕೈಗೇ ಕೊಡುತ್ತೇನೆ ಎಂದು ತಾವಾಗಿ ಹೇಳಿದರು. ಫೋನಿದ್ದೂ ಪತ್ರವೇಕೆ ಎಂದು ಹುಬ್ಬು ಗಂಟಿಕ್ಕಬೇಡಿ. ಫೋನಿನಲ್ಲಿ ನನ್ನ ಹತ್ತು ಮಾತಿಗೆ ನಿಮ್ಮದೊಂದು ನಗು, ಅಲ್ಲಿಗೆ ಮುಗಿಯಿತು. ಅಲ್ಲದೆ ನಮ್ಮ ಫೋನಿರುವುದು ಅತಿಥಿಗಳು ಉಣ್ಣುವ ಕೋಣೆಯಲ್ಲಿ, ಸಾಯೊಳ ಕಿವಿಗೆ ಬೀಳದಂತೆ ಮಾತಾಡಲು ಆಗುವುದಿಲ್ಲ. ಇದು ಸಾಯೊಳ ವಿಷಯ. ನಿಮ್ಮ ಒಂದು ಮಾತಿನಿಂದ ಅವಳು ತನ್ನ ಕಣ್ಣನ್ನು ತಾನೇ ನಂಬದಂತಾಗಿದ್ದಾಳೆ, ಮತ್ತು ಬೆಟ್ಟಕ್ಕೆ ಜನರನ್ನು ಕರೆದೊಯ್ಯುವವಳಿಗೆ ಅದು ಎಂಥ ಅಪಾಯವೆಂದು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎನ್ನುತ್ತಾರೆ. ಸದ್ಯಕ್ಕೆ ನಿಮಗೆ ಏಳುವ ಹಾಗೂ ಇಲ್ಲ, ಒದೆಯುವ ಹಾಗೂ ಇಲ್ಲ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ಈ ವರ್ಷದ ಹಿಮದ ಕಥೆ ಕೇಳಿ. ನೀವು ಬಿದ್ದದ್ದು ಹೊಸವರ್ಷಕ್ಕೆ ಕುಟ್ಟಿದ ಅಕ್ಕಿಯ ಮೋಚಿ ಉಂಡೆ ಇನ್ನೂ ಮುಗಿಯದಿದ್ದಾಗ. ಈಗ ಬೆಟ್ಟದ ಮೈಮೇಲಿರುವುದರಲ್ಲಿ ಬಹುಪಾಲು ಆಮೇಲೆ ಬಂದದ್ದು, ನೀವು ಅದನ್ನು ನೋಡಿಯೇ ಇಲ್ಲ. ಜನವರಿ ನಡುವಿನಲ್ಲಿ ಒಂದು ಹಗಲೆಲ್ಲ ಮಳೆ ಹೊಯ್ದು, ಮಾರನೆಯ ದಿನ ಚಳಿ ಬಿಗಿದು, ಹಿಮದ ಮೇಲೆ ಗಾಜಿನಂಥ ಪದರ ಕಟ್ಟಿತು. ಆಮೇಲೆ ಮೋಡವಿಲ್ಲದ, ಗಾಳಿಯಿಲ್ಲದ ಕೊರೆಯುವ ಚಳಿ. ಬೆಳಗ್ಗೆ ಬಾಗಿಲು ತೆರೆದರೆ ಆ ಗಾಜಿನ ಮೇಲೆ ಹಿಮದ ಗರಿಗಳು ಎದ್ದು ನಿಂತಿರುತ್ತಿದ್ದವು, ಬೆರಳ ಉಗುರಿನಷ್ಟು ಉದ್ದ. ತುಳಿದರೆ ಗಿಲಿಗಿಲಿ ಸದ್ದು. ಅತಿಥಿಗಳೆಲ್ಲ ಮಂಡಿಯೂರಿ ಕೂತು ಫೋಟೋ ತೆಗೆದದ್ದೇ ತೆಗೆದದ್ದು. ಸಾಯೊ ಒಬ್ಬಳೇ ಮುಖ ಸಣ್ಣದು ಮಾಡಿಕೊಂಡು, "ಚೆನ್ನಾಗೇನೋ ಇದೆ ಅಮ್ಮಾ, ಆದ್ರೆ ಇದು ಹಾಳಾಗೋಕ್ಮುಂಚೆ ಮೇಲೆ ಹಿಮ ಬಿದ್ರೆ ಅದು ಗಟ್ಟಿಯಾಗಿ ಕೂರಲ್ಲ, ಈ ಸಲ ಪೂರ್ತಿ ಹಿಮ ಜಾರೋ ತಲೆನೋವು" ಎಂದಳು. ಅವಳು ಅಂದದ್ದೇ ಆಯಿತು. ಗರಿಗಳು ಹಾಗೇ ನಿಂತಿದ್ದಂತೆ ಮೇಲೆ ಹಿಮ ಸುರಿಯಿತು, ಸುರಿಯಿತು, ಮಾಡಿನ ಅಂಚು ನೆಲದ ಹಿಮಕ್ಕೆ ಮುಟ್ಟುವಷ್ಟು. ಅದರ ಮೇಲೆ ಗಾಳಿಯೂ ತಿರುಗಿತು. ಪ್ರತಿ ವರ್ಷ ಸಮುದ್ರದ ಕಡೆಯಿಂದ ಬೀಸಿ ಮೊರದ ಇಳಿಜಾರನ್ನು ಗುಡಿಸಿ ಆಚೆ ಕಣಿವೆಗೆ ಎಸೆಯುವ ಗಾಳಿ, ಈ ಸಲ ದಕ್ಷಿಣದಿಂದ ಬಂದು ಆಚೆಯದನ್ನೆಲ್ಲ ತಂದು ಈಚೆ ಸುರಿದಿದೆ. ಅಡುಗೆಮನೆಯ ಕಿಟಕಿಗೆ ಎದುರಾಗಿ, ನಿಜವಾಗಿಯೂ ಕೇರುವ ಮೊರದ ಹಾಗೆ ಬಾಯಿ ತೆರೆದುಕೊಂಡಿರುವ ಆ ಬೋಳು ಇಳಿಜಾರು ಈಗ ತುಂಬು ಬಸುರಿಯಂತೆ ಉಬ್ಬಿದೆ. ಅದರ ಮೈಯ ಕಲ್ಲುಗಳಲ್ಲಿ ಒಂದೂ ಕಾಣುತ್ತಿಲ್ಲ. ನಾನು ಮದುವೆಯಾಗಿ ಬಂದ ಮೇಲೆ ಹಾಗೆ ನೋಡಿದ್ದು ಇದೇ ಮೊದಲು.

ಇನ್ನು ಮೊನ್ನೆಯ ವಿಷಯ. ಕೊಗುರೆ ದಂಪತಿ ತಮ್ಮ ಇಬ್ಬರು ಗೆಳೆಯರೊಂದಿಗೆ ಬಂದು ಮೂರು ದಿನ ಮನೆಯೊಳಗೇ ಕೂತಿದ್ದರು, ಹೊರಗೆ ಬಿರುಗಾಳಿ. ಮೊನ್ನೆ ಬೆಳಗಾಗುವಾಗ ಆಕಾಶ ತೊಳೆದಿಟ್ಟ ಹಾಗಿತ್ತು. ನೀವು ಫೋನಿನಲ್ಲಿ, "ಮೊರಕ್ಕೆ ಕರ್ಕೊಂಡು ಹೋಗಮ್ಮ, ಕೊಗುರೆಗೆ ಎಷ್ಟು ವರ್ಷದ ಆಸೆ" ಎಂದಿರಿ. ಸಾಯೊ ಹ್ಞೂಂ ಎಂದು ಹೊರಟಳು. ಬುನಾ ಮರಗಳ ನಡುವೆಯೇ ಹತ್ತಿ, ಮೊರದ ಅಂಚಿನ ಕೊನೆಯ ಮರದ ಕೆಳಗೆ ಎಲ್ಲರನ್ನೂ ನಿಲ್ಲಿಸಿ, ಸಲಿಕೆ ತೆಗೆದು ಎದೆಮಟ್ಟ ಗುಂಡಿ ತೋಡಿದಳು. ಹಿಮದ ಗೋಡೆಯಲ್ಲಿ ಒಂದು ಕಂಬ ಬಿಡಿಸಿ, ಅದರ ತಲೆಯ ಮೇಲೆ ಸಲಿಕೆಯಿಟ್ಟು ತಟ್ಟಿದಳು. ಮೊದಲು ಬರೀ ಮಣಿಕಟ್ಟಿನಿಂದ, ಆಮೇಲೆ ಮೊಣಕೈಯಿಂದ, ಕೊನೆಗೆ ಭುಜದಿಂದ ತಟ್ಟಬೇಕು, ಬೇಗ ಜಾರಿದಷ್ಟೂ ಅಪಾಯ ಹೆಚ್ಚು. ಅವಳಿಗೆ ಕಲಿಸಿದ್ದು ನೀವೇ, ನಮ್ಮ ಹಿತ್ತಿಲಿನಲ್ಲಿ, ಅವಳಿನ್ನೂ ಲಂಗದ ಮೇಲೆ ನಿಮ್ಮ ಕೋಟು ಹಾಕಿಕೊಳ್ಳುತ್ತಿದ್ದಾಗ. ಅವತ್ತು ಮೊಣಕೈಯವರೆಗೂ ಹೋಗಬೇಕಾಗಲಿಲ್ಲ. ಮಣಿಕಟ್ಟಿನ ತಟ್ಟಿಗೇ ಮೇಲಿನ ಅರ್ಧ ಕಂಬ ಇಡಿಯಾಗಿ, ಒದ್ದೆ ಹಲಗೆಯಿಂದ ತೋಫು ಜಾರಿದ ಹಾಗೆ ಜಾರಿ ಅವಳ ಮಡಿಲಿಗೆ ಬಿತ್ತು. ಜಾರಿದ ಜಾಗ ನುಣ್ಣಗೆ, ಅದರ ಮೇಲೆ ಆ ಹಾಳು ಗರಿಗಳು ಹಾಗೇ ನಿಂತಿದ್ದವಂತೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಸಾಯೊ ಸಲಿಕೆ ಒರೆಸಿಕೊಂಡು, "ಇವತ್ತು ಇಲ್ಲಿಂದಲೇ ತಿರುಗೋಣ" ಎಂದಳು. ಶಿಖರದ ಸಾಲು ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಕೊಗುರೆಯವರು, "ಒಂದು ಕಂಬ ಜಾರಿದ್ರೆ ಬೆಟ್ಟವೇ ಜಾರತ್ತೇನಮ್ಮಾ?" ಎಂದು ನಗೆಯಾಡಿದರಂತೆ. ತಿರುಗಿ ನಾಲ್ಕು ಹೆಜ್ಜೆ ಇಟ್ಟಿಲ್ಲ, ಕಾಲಡಿಯ ಹಿಮ ಧುಂ ಎಂದು ಒಮ್ಮೆಲೇ ಕುಸಿದು ಕೂತಿತಂತೆ, ಒಳಗಿನ ಆ ಗರಿಗಳ ಪದರ ಮುರಿದು. ಇದನ್ನು ಹೇಳಿದ್ದು ಸಾಯೊ ಅಲ್ಲ, ಕೊಗುರೆಯವರ ಹೆಂಡತಿ. ಪಾತ್ರೆ ತೊಳೆಯುವಲ್ಲಿಗೆ ಬಂದು, ಎದೆ ಹಿಡಿದುಕೊಂಡು ಹೇಳಿದರು: "ಕಿವಿಯಲ್ಲಲ್ಲ ಕಣ್ರೀ, ಹೊಟ್ಟೆಯೊಳಗೆ ಕೇಳಿಸ್ತು. ನನ್ನ ಗಂಡನಿಗೆ ಕೇಳಿಸ್ಲೇ ಇಲ್ಲವಂತೆ, ಏನು ಹೇಳ್ತೀರಿ!"

ರಾತ್ರಿಯೂಟಕ್ಕೆ ಬಾತುಕೋಳಿಯ ಬಿಸಿ ಸಾರು ಮಾಡಿದ್ದೆ. ಕೊಗುರೆಯವರು ದೊಡ್ಡ ಮನುಷ್ಯರು, ಸಿಟ್ಟು ಮಾಡಲಿಲ್ಲ. ಬಟ್ಟಲು ಕೆಳಗಿಟ್ಟು ಮೆಲ್ಲಗೆ, "ಇರ್ಲಿ ಬಿಡಮ್ಮ. ಮುಂದಿನ ವರ್ಷ ಅಪ್ಪ ವಾಸಿಯಾಗಿ ಬಂದಿರ್ತಾರೆ, ಆಗ ಹೋದ್ರಾಯ್ತು" ಎಂದರು. ಬೈದಿದ್ದರೇ ವಾಸಿಯಿತ್ತು. ಸಾಯೊ ತಲೆಬಾಗಿ ಕ್ಷಮಿಸಿ ಎಂದಳು. ಆ ಹೊತ್ತಿಗೆ ಸರಿಯಾಗಿ ನಿಮ್ಮ ಫೋನು. ನಾನೇ ಎತ್ತಿ, ಅವರು ತಿರುಗಿ ಬಂದದ್ದು ಹೇಳಿದೆ. ಎಲ್ಲರೂ ಕೇಳಲಿ ಎಂದು ಸ್ಪೀಕರು ಹಾಕಿಸಿದಿರಿ. "ಏನಮ್ಮಾ, ಯಾಕೆ ವಾಪಸ್ ಬಂದೆ? ಆಕಾಶ ನೀಲಿಯಿತ್ತಂತೆ! ನಾನು ಹುಟ್ಟಿದಾಗಿನಿಂದ ಆ ಮೊರ ಒಂದು ಹಿಡಿ ಹಿಮ ಚೆಲ್ಲಿಲ್ಲ. ಅದು ನಿನ್ನ ನೋಡಿ ಹೆದರ್ತೋ, ನೀನೇ ಅದನ್ನ ನೋಡಿ ಹೆದರಿದ್ಯೋ?" ಎಂದಿರಿ. ಎಲ್ಲರೂ ನಕ್ಕರು. ಸಾಯೊ ಕೂಡ ನಕ್ಕಳು. ನಿಮಗೆ ಅಲ್ಲಿಂದ ಕಾಣಲಿಲ್ಲ, ನನಗೆ ಕಂಡಿತು, ಅವಳ ಕಿವಿ ಕೆಂಪಡರಿತ್ತು. ಅತಿಥಿಗಳ ಮನಸ್ಸು ಹಗುರ ಮಾಡಲು ಹಾಗೆ ಅಂದಿರಿ ಎಂದು ನನಗೆ ಗೊತ್ತು. ನಿಮ್ಮ ತಮಾಷೆ ನನಗೆ ಹೊಸದೇ? ಆದರೆ ಮಗಳಿಗೆ ಅದು ತಮಾಷೆಯಾಗಿ ತಾಗಲಿಲ್ಲ.

ಅಷ್ಟಕ್ಕೇ ನಿಂತಿದ್ದರೂ ಮರೆಯುತ್ತಿದ್ದಳೇನೋ. ನಿನ್ನೆ ಬೆಳಗ್ಗೆ ಯಾವುದೋ ಊರಿನ ಹುಡುಗರು, ಯಾರನ್ನೂ ಕೇಳದೆ ಹೇಳದೆ, ಆಚೆ ಬದಿಯಿಂದ ಹತ್ತಿ ಬಂದು ಮೊರದ ನಟ್ಟನಡುವೆ ಸ್ಕೀ ಮೇಲೆ ಕೇಕೆ ಹಾಕುತ್ತ ಇಳಿದುಹೋದರು. ಕೇಕೆ ಇಲ್ಲಿಗೂ ಕೇಳಿಸಿತು. ನನ್ನ ಕೈಯ ಅಕ್ಕಿ ಪಾತ್ರೆ ಹಾಗೇ ನಿಂತಿತು. ಮೊರ ಜಾರಲಿಲ್ಲ. ಅವರ ಸ್ಕೀ ಗೆರೆಗಳು ಈಗಲೂ ಕಿಟಕಿಯಿಂದ ಕಾಣುತ್ತಿವೆ, ತಲೆ ಬಾಚಿದ ಹಾಗೆ. ಕೊಗುರೆಯವರು ಚಹಾ ಹಿಡಿದು ಬಂದು ನೋಡಿ, "ಓಹೋ" ಎಂದರು. ಅಷ್ಟೇ. ಆ ಓಹೋ ಒಂದು ಬೈಗುಳದಷ್ಟು ಉದ್ದವಿತ್ತು. ಸಾಯೊ ನನ್ನ ಕೈಯ ಪಾತ್ರೆ ತೆಗೆದುಕೊಂಡು ಅಕ್ಕಿ ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು. ತೊಕುಜೊ ಅಜ್ಜ ಮಾತ್ರ ಮಧ್ಯಾಹ್ನ ಬಂದು, ಗೆರೆಗಳನ್ನು ನೋಡಿ ಉರಿದುಬಿದ್ದ. "ಬೋನು ಹಾರಿಕೊಂಡು ನರಿ ಹೋಯ್ತು ಅಂದ್ರೆ ಬೋನು ಕೆಟ್ಟಿದೆ ಅಂತ ಅಲ್ಲ ಕಣೇ! ಎಲ್ಲಿ ಕಾಲಿಟ್ರೆ ಬೀಳತ್ತೆ ಅಂತ ಆ ನರಿಗೂ ಗೊತ್ತಿರ್ಲಿಲ್ಲ" ಎಂದ. ನಾನು ತಲೆಯಾಡಿಸಿದೆ. ಸಾಯೊ, "ಆದ್ರೂ ಜಾರಲಿಲ್ಲವಲ್ಲ ಅಜ್ಜಾ" ಎಂದು ಒಳಗೆ ಹೋದಳು.

ನೋಡಿ, ಇದೇ ನನ್ನ ಸಂಕಟ. ಹಿಂದೆ ತಿರುಗಿದವರಿಗೆ ಸಾಕ್ಷಿ ಹೇಳಲು ಯಾರೂ ಇರುವುದಿಲ್ಲ. ಮುಂದೆ ಹೋದವನು ಬದುಕಿ ಬಂದರೆ ಶೂರ, ತಿರುಗಿದವನು ಸರಿಯಿದ್ದನೆಂದು ತಿಳಿಯಬೇಕಾದರೆ ಯಾರಾದರೂ ಸಾಯಬೇಕು. ಅದಕ್ಕೇ ಅಲ್ಲವೆ ಈ ಊರಿನಲ್ಲಿ ಆ ಪದ್ಧತಿ ಇಟ್ಟದ್ದು? ನಾನು ಬಯಲಿನ ಊರಿನವಳು, ನನಗೆ ಅದು ಗೊತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಒಂದು ದಿನ ನೀವು ಕರಡಿ ಬೇಟೆಗೆ ಮುಂದಾಳಾಗಿ ಹೋಗಿ, ಊರಿನ ಗಂಡಸರನ್ನೆಲ್ಲ ಅರ್ಧ ದಾರಿಯಿಂದ ಬರಿಗೈಯಲ್ಲಿ ತಿರುಗಿಸಿಕೊಂಡು ಬಂದಿರಿ. ನಾನು ಬಾಗಿಲಲ್ಲೇ, "ಯಾಕೆ, ಏನಾಯ್ತು?" ಎನ್ನಲು ಬಾಯಿ ತೆರೆದೆ. ಅತ್ತೆ ನನ್ನ ತೋಳು ಚಿವುಟಿ ಒಳಗೆಳೆದರು. ಮಾವನವರು ನಿಮ್ಮ ಹಿಮದಲ್ಲಿ ನಡೆಯುವ ಬುಟ್ಟಿಯಂಥ ಮೆಟ್ಟು ಬಿಚ್ಚಿಸಿಕೊಂಡು, ತಾವೇ ಒರೆಸಿ ಗೋಡೆಗೆ ತೂಗುಹಾಕಿ, "ನೀರು ಕಾದಿದೆ, ಸ್ನಾನ ಮಾಡು" ಎಂದರು. ಮತ್ತೊಂದು ಮಾತಿಲ್ಲ. ಆಮೇಲೆ ಅತ್ತೆ ನನಗೆ ತಿಳಿಯ ಹೇಳಿದರು: "ಮುಂದೆ ನಡೆಯೋನು ತಿರುಗಿ ಅಂದ್ರೆ ತಿರುಗಬೇಕು. ಆ ಇಳಿಜಾರಿನ ಹಿಮ ಕರಗಿ ನೆಲ ಕಾಣೋವರೆಗೂ ಯಾಕೆ ಅಂತ ಯಾರೂ ಕೇಳಬಾರದು. ಕೇಳಿದ್ರೆ, ಮುಂದಿನ ಸಲ ಅವನು ಹಿಮ ನೋಡಲ್ಲ ಕಣೇ ಹುಡುಗಿ, ಕೇಳೋರ ಮುಖ ನೋಡ್ತಾನೆ." ಮೇ ತಿಂಗಳಲ್ಲಿ ಕಳಲೆ ಕೀಳಲು ಎಲ್ಲರೂ ಅಲ್ಲಿಗೇ ಹೋದೆವು. ಬಿಸಿಲು ಕಾಯುತ್ತ ಕೂತು ಬುತ್ತಿ ಬಿಚ್ಚಿದಾಗ ಮಾವ ಕೇಳಿದರು, "ಅವತ್ತು ಏನು ಕಂಡ್ಯಪ್ಪಾ?" ನೀವು ತಲೆ ಕೆರೆದುಕೊಂಡು, "ಏನೋ, ಸರಿ ಕಾಣ್ಲಿಲ್ಲ" ಎಂದಿರಿ. ನಿಮ್ಮ ಕಾರಣ ಅಷ್ಟೇ! ಅಷ್ಟಕ್ಕೇ ಮಾವ ತಲೆಯಾಡಿಸಿ, ತಮ್ಮ ಪಾಲಿನ ದೊಡ್ಡ ಅನ್ನದುಂಡೆಯನ್ನು ನಿಮ್ಮ ಮುಂದಿಟ್ಟರು. ಸಾಯೊಳ ಕೈಯಲ್ಲಿ ಅದಕ್ಕಿಂತ ನೂರು ಪಾಲು ಗಟ್ಟಿಯಾದ ಕಾರಣವಿತ್ತು. ಮಾವನವರ ಮಗನಾಗಿ ನೀವು ಹಿಮ ಕರಗುವ ತನಕ ಇರಲಿ, ಸಾರು ಆರುವ ತನಕವೂ ಕಾಯಲಿಲ್ಲ. ಅದೂ ಹೊರಗಿನವರ ಎದುರಿಗೆ. ನನಗೆ ಆ ಕ್ಷಣ ನಿಮ್ಮ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ, ಇರಲಿ.

ಅತ್ತೆ ಹೇಳಿದಂತೆಯೇ ಆಗುತ್ತಿದೆ. ಮುಂಚೆ ಸಾಯೊ ಎದ್ದ ಕೂಡಲೇ ಕಿಟಕಿ ತೆರೆದು ಕೈ ಹೊರಗೆ ಚಾಚುತ್ತಿದ್ದಳು, ಗಾಳಿ ಯಾವ ಕಡೆಯದು, ಹಿಮ ಒದ್ದೆಯೋ ಒಣವೋ ಎಂದು. ಈ ಎರಡು ದಿನ ಎದ್ದವಳು ಮೊದಲು ಕೇಳುವುದು, "ಅಪ್ಪ ಫೋನ್ ಮಾಡಿದ್ರಾ?" ಊಟಕ್ಕೆ ಕೂತರೆ ಕೊಗುರೆಯವರ ಮುಖವನ್ನೇ ನೋಡುತ್ತಾಳೆ. ನಾನು ನಿನ್ನೆ ಅವಳ ಪಕ್ಕ ಕೂತು, ನೀನು ತಿರುಗಿದ್ದು ಒಳ್ಳೆಯದಾಯಿತು ಮಗಳೇ ಎಂದರೆ, "ನೀನು ಅಮ್ಮ, ನೀನು ಹಾಗೇ ಹೇಳ್ತೀಯ" ಎಂದು ನನ್ನ ಭುಜಕ್ಕೆ ತಲೆಯೊರಗಿಸಿದಳು. ಎಷ್ಟು ದಿನವಾಗಿತ್ತು ಅವಳು ಹಾಗೆ ಒರಗಿ. ಸುಖಪಡಬೇಕಾದ ನನಗೆ ಅಳು ಬಂತು. ನಿಮ್ಮನ್ನು ದೂರುವುದಷ್ಟೇ ನನ್ನ ಕೆಲಸವಲ್ಲ. ಬೆಟ್ಟವನ್ನು ಬಿಟ್ಟು ನಾಲ್ಕು ಗೋಡೆ ನೋಡುತ್ತ ಮಲಗಿರುವುದು ನಿಮಗೆಷ್ಟು ಕಷ್ಟ ಎಂದು ನನಗೆ ಗೊತ್ತು. ಕಣ್ಣು ಮುಚ್ಚಿದರೆ ನಿಮಗೆ ಒಂದೊಂದು ಮರವೂ ಕಾಣುತ್ತದೆ. ಆದರೆ ನಿಮಗೆ ಕಾಣುವುದು ಹೋದ ವರ್ಷದ ಮೊರ, ಅದರ ಹಿಂದಿನ ವರ್ಷದ ಮೊರ. ಈಗಿನದನ್ನು ಕಂಡವಳು ಅವಳು.

ಬೆಕ್ಕು ನಿಮ್ಮ ಮೆತ್ತೆಯ ಮೇಲೆಯೇ ಮಲಗುತ್ತದೆ, ಎಬ್ಬಿಸಿದರೆ ನಿಮ್ಮ ಹಾಗೆಯೇ ಗುರುಗುಟ್ಟುತ್ತದೆ. ತೊಕುಜೊ ಅಜ್ಜ ಆಶೀರ್ವಾದ ತಿಳಿಸಿದ್ದಾನೆ. ಒಲೆಯ ಎಣ್ಣೆ ಸಾಕಷ್ಟಿದೆ, ಮಾಡಿನ ಹಿಮ ಎತ್ತಲು ಕೆಳಮನೆಯವರು ಬರುತ್ತಾರೆ, ಅದರ ಚಿಂತೆ ಬೇಡ. ಮೂಳೆ ಬೇಗ ಕೂಡಲಿ, ಮನಸ್ಸು ಗಟ್ಟಿಯಿರಲಿ. ರಾತ್ರಿ ಕಾಲಿನ ಮೇಲೆ ಹೊದಿಕೆ ಎಳೆದುಕೊಳ್ಳಲು ಮರೆಯಬೇಡಿ. ನಿಮ್ಮ ದಾರಿಯನ್ನೇ ಕಾಯುತ್ತಿರುವ,

ನಿಮ್ಮ
ಕಿನುಯೊ

ತಾ.ಕ.: ಅಂಟಿಸಿದ ಲಕೋಟೆ ಮತ್ತೆ ಹರಿದಿದ್ದೇನೆ. ಸಾಯೊ ಈಗ ತಾನೆ ಅಡುಗೆಮನೆಗೆ ಬಂದು ಹೇಳಿದಳು, ನಾಳೆ ಬೆಳಗ್ಗೆ ಕೊಗುರೆಯವರನ್ನೂ ಅವರ ಗೆಳೆಯರನ್ನೂ ಮೊರಕ್ಕೆ ಕರೆದೊಯ್ಯುತ್ತಾಳಂತೆ. "ಗುಂಡಿ ತೋಡಿ ನೋಡ್ತೀಯಲ್ಲ?" ಎಂದೆ. "ಬೇಡಮ್ಮ, ತೋಡಿದ್ರೆ ಮತ್ತೆ ಅದೇ ಕಾಣತ್ತೆ. ಅಪ್ಪ ಹೇಳಿದ್ಮೇಲೆ ಮುಗೀತಲ್ಲ" ಎಂದಳು. ಬೇಡ ಎಂದು ಬೇಡಿಕೊಂಡೆ, ತಾಯಿಕರುಳು ಎಂದು ನಕ್ಕು ಹೋದಳು. ಸಂಜೆ ಅವರೆಲ್ಲ ಊಟಕ್ಕೆ ಕೂತಾಗ ಫೋನು ಮಾಡಿ, ಮೊನ್ನೆಯ ಹಾಗೆಯೇ ಸ್ಪೀಕರು ಹಾಕಿಸಿ. ಹೋಗಬೇಡ ಎಂದು ಮಾತ್ರ ಹೇಳಬೇಡಿ. ಅದೂ ನಿಮ್ಮ ಅಪ್ಪಣೆಯೇ ಆಗುತ್ತದೆ, ನಾಡಿದ್ದು ಮತ್ತೆ ನಿಮ್ಮ ಬಾಯನ್ನೇ ಕಾಯುತ್ತಾಳೆ. "ನಾನು ಅಲ್ಲಿರಲಿಲ್ಲ, ನೀನಿದ್ದೆ. ನಿನಗೆ ಕಂಡದ್ದೇ ಸರಿ" ಎನ್ನಿ, ಎಲ್ಲರೂ ಕೇಳಲಿ. ನಿಮಗೆ ಕಷ್ಟದ ಮಾತು ಎಂದು ಬಲ್ಲೆ, ಆದರೂ ಎನ್ನಿ. ನಿಮ್ಮ ಫೋನು ಬಾರದಿದ್ದರೆ ನಾನೂ ಹೊರಡುತ್ತೇನೆ. ಅಟ್ಟದಿಂದ ನನ್ನ ಹಳೆಯ ಸ್ಕೀ ಇಳಿಸಿ ಮೇಣ ಉಜ್ಜಿಟ್ಟಿದ್ದೇನೆ, ಬೂಟು ಇನ್ನೂ ಕಾಲಿಗೆ ಹಿಡಿಯುತ್ತದೆ. ಬಸ್ಸು ಬಂದಿತು, ಕೊಗುರೆಯವರ ಹೆಂಡತಿ ಕೈ ಚಾಚಿ ನಿಂತಿದ್ದಾರೆ. ನೀವು ಸುಮ್ಮನಿದ್ದರೆ ನಾಳೆ ನಿಮ್ಮ ಮೊನ್ನೆಯ ಮಾತನ್ನು ನಂಬಿ ಮಗಳು ಮೊರಕ್ಕೆ ಕಾಲಿಡುತ್ತಾಳೆ. ಅವಳ ಬೆನ್ನಿಗೆ ನಾನಿರುತ್ತೇನೆ.